ತಡಮೆ ದಾಟುವಾಗ ಯಾವ ಕಾಲು ಮುಂದೆ?

ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟ ಶುರುವಾಯ್ತು ಅಂದ್ರೆ ವೇದಿಕೆ ಮೇಲಿಂದ ಒಂದು ಮಾತು ಕಡ್ಡಾಯವಾಗಿ ಬರುತ್ತೆ. "ನಮ್ಮ ಮಲೆನಾಡಿನ ಮಕ್ಕಳು ಹುಟ್ಟಿದಾಗಿಂದ ಗುಡ್ಡ ಹತ್ತಿ ಇಳಿದವರು, ಇವರ ಕಾಲಿಗೆ ಬೇರೆ ತರಬೇತಿ ಬೇಕಾ?" ಅಂತ. ಕೂಡಲೇ ಚಪ್ಪಾಳೆ. ಹೇಳಿದವರಿಗೂ ಖುಷಿ, ಕೇಳಿದವರಿಗೂ ಖುಷಿ. ಆಮೇಲೆ ಹರ್ಡಲ್ಸ್ ಓಟ ಶುರುವಾಗುತ್ತೆ, ನಮ್ಮ ಗುಡ್ಡದ ಕಾಲುಗಳು ಮೂರನೇ ಹರ್ಡಲ್‌ನಲ್ಲೇ ಎಡವುತ್ತವೆ. ಆಗ ಮಾತ್ರ ಯಾರೂ ಮೈಕು ಹಿಡಿಯಲ್ಲ.

ನನಗೆ ಈ ಮಾತಿನ ಬಗ್ಗೆ ತಕರಾರಿದೆ. ಸ್ವಲ್ಪ ವಿವರವಾಗಿಯೇ ಬರೀತೀನಿ, ಓಟದ ವಿಷಯ ಬೇಜಾರು ಅನ್ನೋರು ಇಲ್ಲಿಗೇ ನಿಲ್ಲಿಸಬಹುದು :-)

ಅತ್ತಿಗುಂಡಿಯಿಂದ ಕೈಮರದ ಕಡೆಗೆ ನಡೆದು ಇಳಿದು ಮತ್ತೆ ಹತ್ತಿದವರಿಗೆ ಗೊತ್ತು, ಬಾಬಾಬುಡನ್‌ಗಿರಿಯ ದಾರಿ ಕಾಲನ್ನು ಹೇಗೆ ಹಿಂಡುತ್ತೆ ಅಂತ. ಹತ್ತುವಾಗ ಉಸಿರು, ಇಳಿಯುವಾಗ ಮಂಡಿ. ಇದರಿಂದ ಶಕ್ತಿ ಬರೋದು ಸುಳ್ಳಲ್ಲ. ಆದರೆ ಯಾವ ಶಕ್ತಿ? ಏರು ಹತ್ತುವಾಗ ಒಂದೊಂದು ಹೆಜ್ಜೆಯೂ ನೆಲದ ಮೇಲೆ ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಇರುತ್ತೆ. ವೇಗದ ಓಟಗಾರನ ಪಾದ ನೆಲದಲ್ಲಿರೋದು ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗ. ಅಷ್ಟರೊಳಗೆ ನೆಲ ಒದ್ದು ಮೇಲೇಳಬೇಕು. ಗುಡ್ಡ ಕೊಡೋದು ತಾಳಿಕೆ ಮತ್ತು ನಿಧಾನದ ಬಲ. ಇಳಿಜಾರು ತೊಡೆಯ ಮುಂಭಾಗಕ್ಕೆ ಬ್ರೇಕ್ ಹಾಕೋದನ್ನ ಕಲಿಸುತ್ತೆ, ಅದಕ್ಕೆ ಬೆಲೆ ಇದೆ. ಆದರೆ ಸ್ಪ್ರಿಂಗಿನ ಹಾಗೆ ಪುಟಿಯೋ ಬಲ ಬೇರೆ ಜಾತಿಯದು, ಅದನ್ನ ಬೇರೆಯಾಗಿಯೇ ಕಲಿಸಬೇಕು.

ಇನ್ನೊಂದು ಮಾತೂ ಇದೆ, ಗುಡ್ಡದ ಅಡ್ಡದಾರಿಯಲ್ಲಿ ನಡೆಯೋರಿಗೆ ಒಂದು ಕಾಲು ಹೆಚ್ಚು ಬಲ ಆಗುತ್ತೆ ಅಂತ. ನನಗೆ ಇದು ನಗು ತರಿಸುತ್ತೆ. ಶಾಲೆಗೆ ಹೋಗುವಾಗ ಬಲಗಾಲು ಮೇಲಿನ ಬದಿ, ಮನೆಗೆ ಬರುವಾಗ ಎಡಗಾಲು ಮೇಲಿನ ಬದಿ. ಸಂಜೆಗೆ ಲೆಕ್ಕ ಚುಕ್ತಾ!

ಕಾಲುಗಳು ನಿಜವಾಗಿ ಹಂಚಿಹೋಗೋದು ಬೇರೆ ಕಡೆ. ನಮ್ಮಲ್ಲಿ ತೋಟದ ಬೇಲಿಗೆ ತಡಮೆ ಇರುತ್ತಲ್ಲ, ಮನುಷ್ಯ ದಾಟಬಹುದು ದನ ದಾಟಬಾರದು ಅಂತ ಅಡ್ಡ ಹಾಕಿದ ಮರ, ಅದನ್ನ ದಾಟುವಾಗ ನೀವು ಯಾವ ಕಾಲನ್ನ ಮೊದಲು ಎತ್ತಿ ಆಚೆ ಹಾಕ್ತೀರಿ? ಮುಂದಿನ ಸಲ ಗಮನಿಸಿ. ಪ್ರತಿ ಸಲವೂ ಅದೇ ಕಾಲು. ಅಗಳು ಹಾರೋ ಹುಡುಗರೂ ಹಾಗೇ, ಎರಡು ಹೆಜ್ಜೆ ಹಿಂದೆ ಹೋಗಿ, ತಮಗೆ ಒಗ್ಗಿದ ಕಾಲಿನಲ್ಲೇ ಒದೆಯೋ ಹಾಗೆ ಹೆಜ್ಜೆ ಸರಿ ಮಾಡಿಕೊಂಡು ಹಾರ್ತಾರೆ. ಯಾರೂ ಹೇಳಿಕೊಟ್ಟಿದ್ದಲ್ಲ.

ಹರ್ಡಲ್ಸ್ ಓಟ ಈ ಅಭ್ಯಾಸವನ್ನ ನಿಯಮವನ್ನಾಗಿಯೇ ಮಾಡಿಬಿಟ್ಟಿದೆ. ಗಂಡಸರ 110 ಮೀಟರ್ ಓಟದಲ್ಲಿ 10 ಹರ್ಡಲ್, ಒಂದೊಂದು 106.7 ಸೆಂ.ಮೀ. ಎತ್ತರ. ಮೊದಲನೆಯದು 13.72 ಮೀಟರಿಗೆ, ಆಮೇಲೆ 9.14 ಮೀಟರಿಗೊಂದು. ಹೆಂಗಸರ 100 ಮೀಟರಿನಲ್ಲಿ ಎತ್ತರ 83.8 ಸೆಂ.ಮೀ., ಮೊದಲನೆಯದು 13 ಮೀಟರಿಗೆ, ನಡುವಿನ ಅಂತರ 8.5 ಮೀಟರ್. ಈ ಅಂತರದಲ್ಲಿ ಮೂರೇ ಹೆಜ್ಜೆ ಓಡಬೇಕು. ಮೂರು ಬೆಸ ಸಂಖ್ಯೆ. ಅಂದ್ರೆ ಮೊದಲ ಹರ್ಡಲಿಗೆ ಯಾವ ಕಾಲು ಮುಂದಿಟ್ಟರೋ ಹತ್ತನೆಯದಕ್ಕೂ ಅದೇ ಕಾಲು. ಬದಲಾಯಿಸೋಕೆ ಅವಕಾಶವೇ ಇಲ್ಲ. 400 ಮೀಟರ್ ಹರ್ಡಲ್ಸ್‌ನಲ್ಲಿ ನಡುವಿನ ಅಂತರ 35 ಮೀಟರ್, ಅಲ್ಲಿ 14 ಹೆಜ್ಜೆ ಹಾಕೋರು ಕಾಲು ಬದಲಾಯಿಸ್ತಾ ಹೋಗ್ತಾರೆ, 13 ಅಥವಾ 15 ಹಾಕೋರಿಗೆ ಒಂದೇ ಕಾಲು. ಎಡ್ವಿನ್ ಮೋಸೆಸ್ 13 ಹೆಜ್ಜೆಯನ್ನ ಕೊನೆತನಕ ಎಳೆದುಕೊಂಡು ಹೋಗ್ತಿದ್ದ ಮನುಷ್ಯ. 1977ರಿಂದ 1987ರವರೆಗೆ ಸತತ 122 ಓಟ ಗೆದ್ದ. ಅದು ಬೇರೆ ಕಥೆ, ಇರಲಿ.

ಎರಡು ಕಾಲಿನ ಕೆಲಸವೂ ಬೇರೆ ಬೇರೆ. ಒದೆಯೋ ಕಾಲು ಹರ್ಡಲಿಗಿಂತ ಸುಮಾರು ಎರಡು ಮೀಟರ್ ಮುಂಚೆಯೇ ನೆಲವನ್ನ ಹಿಂದಕ್ಕೆ ತಳ್ಳಿ ಮೈಯನ್ನ ಮುಂದಕ್ಕೆ ಚಿಮ್ಮಿಸಬೇಕು. ಆಮೇಲೆ ಅದೇ ಕಾಲು ಮಡಚಿಕೊಂಡು, ಮಂಡಿ ಪಕ್ಕಕ್ಕೆ ತೆರೆದು, ಸೊಂಟದ ಬದಿಯಿಂದ ಸುತ್ತಿ ಮುಂದೆ ಬರಬೇಕು. ಹೀಗಾಗಿ ಮೀನಖಂಡ, ಪೃಷ್ಠದ ಸ್ನಾಯು, ತೊಡೆಸಂದು ಈ ಕಾಲಿನದ್ದು ಹೆಚ್ಚು ದುಡಿಯುತ್ತೆ. ಮುಂದಿಡೋ ಕಾಲಿಗೆ ಬೇರೆ ಶಿಕ್ಷೆ. ಮಂಡಿ ಎತ್ತಿ, ಕಾಲು ಚಾಚಿ, ತೊಡೆ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಪೂರ್ತಿ ಎಳೆದುಕೊಂಡ ಸ್ಥಿತಿಯಿಂದ ತಕ್ಷಣ ಕೆಳಗೆ ಬಡಿದು, ದೇಹದ ತೂಕದ ಹಲವು ಪಟ್ಟು ಭಾರವನ್ನ ಒಂಟಿಯಾಗಿ ಹೊತ್ತು ಇಳಿಯಬೇಕು. ಇಳಿದ ಕ್ಷಣದಲ್ಲೇ ಓಟ ಮುಂದುವರಿಯಬೇಕು.

ಈಗ ಒಂದು ಸಣ್ಣ ಲೆಕ್ಕ. ದಿನಕ್ಕೆ 50 ಹರ್ಡಲ್ ದಾಟೋ ಹುಡುಗಿ, ವಾರಕ್ಕೆ 4 ದಿನ, ವರ್ಷಕ್ಕೆ 40 ವಾರ ಅಂತಿಟ್ಟುಕೊಳ್ಳಿ. 8000 ಸಲ. ಎಂಟು ಸಾವಿರ ಸಲವೂ ಒಂದೇ ಕಾಲು ಒದ್ದಿದೆ, ಒಂದೇ ಕಾಲು ಇಳಿದಿದೆ. ಐದು ವರ್ಷ ಆದಮೇಲೆ ಎರಡು ಕಾಲೂ ಸಮ ಇರಬೇಕು ಅಂದ್ರೆ ಹೇಗೆ ಸ್ವಾಮಿ? ವರ್ಷಗಟ್ಟಲೆ ಕಪಾತು ಮಾಡಿದ ಆಳಿನ ಬಲಗೈ ಮುಂದೋಳು ಎಡಗೈಗಿಂತ ದಪ್ಪ ಇರುತ್ತೆ. ನಾಳೆಯಿಂದ ಎಡಗೈಲೂ ಅಷ್ಟೇ ಗಿಡ ಕಪಾತು ಮಾಡಿ ಸಮ ಮಾಡ್ಕೋ ಅಂತ ಯಾವ ಸಾಹುಕಾರನೂ ಹೇಳಿಲ್ಲ.

ಇದನ್ನ ಹೇಳೋಕೆ ಕಾರಣ ಇದೆ. ಈಗೀಗ ಮೊಬೈಲ್ ವಿಡಿಯೋ ನೋಡಿ ಬಂದ ಹೊಸ ತರಬೇತುದಾರರು "ಎರಡು ಕಾಲಿನ ಬಲದಲ್ಲಿ ನೂರಕ್ಕೆ 10 ವ್ಯತ್ಯಾಸ ಇದ್ದರೆ ಅಪಾಯ, 15 ಇದ್ದರೆ ಓಡಲೇಬೇಡ" ಅಂತ ಮಕ್ಕಳಿಗೆ ಹೆದರಿಸೋದು ಕೇಳಿದೀನಿ. ಆ 10-15 ಅನ್ನೋದು ಕೈಗೆ ಸುಲಭವಾಗಿ ಸಿಗೋ ಅಂದಾಜು, ದೇವವಾಕ್ಯ ಅಲ್ಲ. ಒಂಟಿಕಾಲಿನಲ್ಲಿ ಮೇಲಕ್ಕೆ ನೆಗೆಸಿದರೆ ಬಲಗಾಲು ಮುಂದೆ, ಅದೇ ಹುಡುಗಿಯನ್ನ ಮುಂದಕ್ಕೆ ಕುಪ್ಪಳಿಸಿದರೆ ಎಡಗಾಲು ಮುಂದೆ, ಯಂತ್ರದ ಮೇಲೆ ಕೂರಿಸಿ ಮಂಡಿ ಚಾಚಿಸಿದರೆ ಎರಡೂ ಸಮ. ಮೂರು ಪರೀಕ್ಷೆಗೆ ಮೂರು ಉತ್ತರ. ಇವತ್ತು ಮಾಡಿದ್ದಕ್ಕೂ ನಾಡಿದ್ದು ಮಾಡಿದ್ದಕ್ಕೂ ವ್ಯತ್ಯಾಸ ಬರುತ್ತೆ. ಇಂಥ ಅಂಕಿ ಇಟ್ಟುಕೊಂಡು ಚೆನ್ನಾಗಿ ಓಡ್ತಿರೋ ಹುಡುಗಿಯ ಬಲವಾದ ಕಾಲಿಗೆ ಕೆಲಸ ಕಮ್ಮಿ ಮಾಡಿಸೋದು ನನ್ನ ದೃಷ್ಟಿಯಲ್ಲಿ ಶುದ್ಧ ದಡ್ಡತನ. ದುರ್ಬಲ ಕಾಲಿನ ಬಲ ಏರಿಸಿ, ಬಲವಾದದ್ದನ್ನ ಇಳಿಸಬೇಡಿ. ಎರಡೂ ಸಮನಾಗಿ ದುರ್ಬಲವಾಗಿರೋ ಕಾಲುಗಳು ನಮ್ಮಲ್ಲಿ ಬೇಕಾದಷ್ಟಿವೆ, ಅವು ಹರ್ಡಲ್ ದಾಟಲ್ಲ.

ಹಾಗಾದ್ರೆ ಸಮ-ಅಸಮದ ಲೆಕ್ಕವೇ ಬೇಡವಾ? ಬೇಕು. ಪೆಟ್ಟಾದಾಗ ಬೇಕು.

ಜ್ಯೋತಿ ಯರ್ರಾಜಿ ಹೆಸರು ಈಗ ಎಲ್ಲರಿಗೂ ಗೊತ್ತು. ವಿಶಾಖಪಟ್ಟಣದ ಹುಡುಗಿ. ಆದರೆ ಆಕೆಯ ಓಟದ ಎರಡು ಮುಖ್ಯ ದಿನಗಳು ನಮ್ಮ ರಾಜ್ಯದಲ್ಲೇ ನಡೆದವು ಅನ್ನೋದು ಬಹಳ ಜನರಿಗೆ ಮರೆತುಹೋಗಿದೆ. 2020ರ ಜನವರಿಯಲ್ಲಿ ಮೂಡುಬಿದಿರೆಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕ್ರೀಡಾಕೂಟ. ಮೂಡಿಗೆರೆಯಿಂದ ಚಾರ್ಮಾಡಿ ಘಾಟಿ ಇಳಿದರೆ ಎಷ್ಟು ದೂರ? ಅಲ್ಲಿ ಆಕೆ 100 ಮೀಟರ್ ಹರ್ಡಲ್ಸನ್ನ 13.03 ಸೆಕೆಂಡಿನಲ್ಲಿ ಓಡಿದಳು. ಆಗ ರಾಷ್ಟ್ರೀಯ ದಾಖಲೆ ಅನುರಾಧಾ ಬಿಸ್ವಾಲ್ 2002ರಲ್ಲಿ ಮಾಡಿದ್ದ 13.38. ಆದರೂ ಮೂಡುಬಿದಿರೆಯ ಓಟ ದಾಖಲೆ ಆಗಲಿಲ್ಲ. ಕೂಟದಲ್ಲಿ ಉದ್ದೀಪನ ಮದ್ದಿನ ಪರೀಕ್ಷೆ ಆಗಿರಲಿಲ್ಲ, ಫೆಡರೇಷನ್ನಿನ ತಾಂತ್ರಿಕ ಪ್ರತಿನಿಧಿ ಇರಲಿಲ್ಲ ಅಂತ. ಕಾಗದ ಇಲ್ಲದಿದ್ದರೆ ಓಡಿದ್ದೂ ಓಡಿದ ಹಾಗಲ್ಲ! 2022ರ ಮೇನಲ್ಲಿ ಸೈಪ್ರಸ್‌ನಲ್ಲಿ 13.23 ಓಡಿ ಕೊನೆಗೂ ಆ ಹಳೇ ದಾಖಲೆ ಮುರಿದಳು. ಅದೇ ಅಕ್ಟೋಬರಿನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ 12.82. ಗಾಳಿಯ ನೆರವಿಲ್ಲದೆ 13 ಸೆಕೆಂಡಿನ ಒಳಗೆ ಓಡಿದ ಮೊದಲ ಭಾರತೀಯಳು. 2023ರಲ್ಲಿ ಚೀನಾದ ಚೆಂಗ್ಡುವಿನಲ್ಲಿ 12.78. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ನೇರ ಅರ್ಹತೆಯ ಗಡಿ 12.77 ಇತ್ತು! ಸೆಕೆಂಡಿನ ನೂರನೇ ಒಂದು ಭಾಗಕ್ಕೆ ತಪ್ಪಿ, ರ್‍ಯಾಂಕಿಂಗ್ ಮೂಲಕ ಹೋದಳು. (1984ರಲ್ಲಿ ಪಿ.ಟಿ. ಉಷಾಗೆ 400 ಮೀಟರ್ ಹರ್ಡಲ್ಸ್‌ನಲ್ಲಿ ಕಂಚು ತಪ್ಪಿದ್ದೂ ಇದೇ ನೂರನೇ ಒಂದು ಭಾಗಕ್ಕೆ. ನಮಗೂ ಈ ನೂರನೇ ಒಂದಕ್ಕೂ ಏನೋ ಹಳೇ ದ್ವೇಷ.)

2025ರ ಮೇನಲ್ಲಿ ಕೊರಿಯಾದ ಗುಮಿಯಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ ಚಿನ್ನ, 12.96. ಅದಾದ ಕೆಲವೇ ವಾರಗಳಲ್ಲಿ ಅಭ್ಯಾಸದ ವೇಳೆ ಮಂಡಿಯ ಎಸಿಎಲ್ ಪೆಟ್ಟು, ಶಸ್ತ್ರಚಿಕಿತ್ಸೆ. ಆ ವರ್ಷದ ಟೋಕಿಯೋ ವಿಶ್ವ ಚಾಂಪಿಯನ್‌ಷಿಪ್ ಕೈತಪ್ಪಿತು.

ಮಂಡಿಯೊಳಗಿನ ಆ ಹುರಿ ಕಿತ್ತುಹೋಗಿ ಸರಿಪಡಿಸಿದ ಮೇಲೆ, ಮತ್ತೆ ಓಡಬಹುದಾ ಅಂತ ನೋಡೋಕೆ ವೈದ್ಯರು ಸಾಮಾನ್ಯವಾಗಿ ಬಳಸೋ ಅಳತೆಗಳಲ್ಲಿ ಒಂದು, ಪೆಟ್ಟಾದ ಕಾಲು ಇನ್ನೊಂದರ ನೂರಕ್ಕೆ 90ರಷ್ಟಾದರೂ ಬಲ ತೋರಿಸಬೇಕು ಅನ್ನೋದು. ಕೇಳೋಕೆ ಸರಿಯಾಗೇ ಇದೆ. ಆದರೆ ಇದರಲ್ಲಿ ಎರಡು ಕುಳಿಗಳಿವೆ. ಒಂದು, ಒಂಬತ್ತು ತಿಂಗಳು ಓಡದೆ ಇದ್ದಾಗ ಪೆಟ್ಟಾಗದ ಕಾಲೂ ಸೊರಗಿರುತ್ತೆ. ಸೊರಗಿದ್ದರ ನೂರಕ್ಕೆ 90 ಅಂದ್ರೆ ಎಷ್ಟು? ಬತ್ತಿದ ಕೆರೆಗೆ ಹೋಲಿಸಿ ಬಾವಿಯಲ್ಲಿ ನೀರಿದೆ ಅಂದ ಹಾಗೆ. ಎರಡನೆಯದು ಹರ್ಡಲ್ಸ್‌ನವರಿಗೇ ಸಂಬಂಧಿಸಿದ್ದು. ಅವರ ಕಾಲುಗಳು ಪೆಟ್ಟಿಗೆ ಮುಂಚೆಯೂ ಸಮ ಇರಲಿಲ್ಲವಲ್ಲ? ಒದೆಯೋ ಕಾಲಿಗೆ ಪೆಟ್ಟಾಗಿದ್ದರೆ ಮುಂದಿಡೋ ಕಾಲಿಗೆ ಸರಿಸಮ ಆದರೂ ಅದು ತನ್ನ ಹಳೇ ಬಲಕ್ಕೆ ಬಂದಿಲ್ಲದೆ ಇರಬಹುದು. ಅವಳ ಹಳೇ ಕಾಲಿಗೆ ಅವಳ ಹೊಸ ಕಾಲನ್ನ ಹೋಲಿಸಬೇಕು. ಅದಕ್ಕೆ ಪೆಟ್ಟಾಗೋ ಮುಂಚೆಯೇ ಯಾರಾದರೂ ಅಳೆದು ಬರೆದಿಟ್ಟಿರಬೇಕು.

ಒಂದೇ ಕಾಲಿನ ಮೇಲೆ ಇಡೀ ಬದುಕು ನಿಂತರೆ ಏನಾಗುತ್ತೆ ಅನ್ನೋದಕ್ಕೆ ಚೀನಾದ ಲಿಯು ಶಿಯಾಂಗ್‌ನನ್ನ ನೋಡಿ. 2004ರ ಅಥೆನ್ಸ್‌ನಲ್ಲಿ 12.91ರ ಚಿನ್ನ, 2006ರಲ್ಲಿ 12.88ರ ವಿಶ್ವದಾಖಲೆ. 2008ರಲ್ಲಿ ಸ್ವಂತ ದೇಶದ ಒಲಿಂಪಿಕ್ಸ್‌ನಲ್ಲಿ ಬಲಗಾಲಿನ ಅಕಿಲಿಸ್ ನೋವಿನಿಂದ ಓಡಲಾಗದೆ ಹಿಂದೆ ಸರಿದ. 2012ರ ಲಂಡನ್ನಿನಲ್ಲಿ ಮೊದಲ ಹರ್ಡಲಿಗೇ ಬಡಿದು ಬಿದ್ದ, ಅದೇ ಬಲಗಾಲಿನ ಅಕಿಲಿಸ್. ಒಂಟಿಕಾಲಿನಲ್ಲಿ ಕುಂಟುತ್ತಾ ಟ್ರ್ಯಾಕಿನ ಕೊನೆಯವರೆಗೂ ಹೋಗಿ, ಕೊನೆಯ ಹರ್ಡಲಿಗೆ ಮುತ್ತಿಟ್ಟ. ನಡುವೆ, ಮೊದಲ ಹರ್ಡಲ್‌ತನಕ 8 ಹೆಜ್ಜೆ ಹಾಕ್ತಿದ್ದವನು 7ಕ್ಕೆ ಬದಲಾಗಿದ್ದ. 7 ಅಂದ್ರೆ ಸ್ಟಾರ್ಟಿಂಗ್ ಬ್ಲಾಕಿನಲ್ಲಿ ಮುಂದಿದ್ದ ಪಾದ ಹಿಂದಕ್ಕೆ, ಹಿಂದಿದ್ದದ್ದು ಮುಂದಕ್ಕೆ. ವರ್ಷಗಟ್ಟಲೆ ಮಾಡಿದ ಅಭ್ಯಾಸವನ್ನ ತಲೆಕೆಳಗು ಮಾಡಿದ ಹಾಗೆ. ಇವನ ಪೆಟ್ಟಿಗೆ ಅಸಮತೆಯೇ ಕಾರಣ ಅಂತ ನಾನು ಹೇಳ್ತಿಲ್ಲ, ಹಾಗೆ ಯಾರಾದರೂ ಖಡಾಖಂಡಿತ ಹೇಳಿದರೆ ನಂಬಲೂಬೇಡಿ. ಭಾರ ಹಂಚಿಕೊಳ್ಳೋ ಅವಕಾಶವೇ ಇಲ್ಲದ ಆಟ ಇದು ಅಂತಷ್ಟೇ.

ಇನ್ನು ನಮ್ಮ ಮೈದಾನಗಳಿಗೆ ಬರೋಣ. ಚಿಕ್ಕಮಗಳೂರು, ಮೂಡಿಗೆರೆ, ಕಳಸ ಕಡೆ ಮಳೆ ಹಿಡಿಯೋದು ಜೂನ್‌ನಲ್ಲಿ, ಬಿಡೋದು ಸೆಪ್ಟೆಂಬರ್ ಹೊತ್ತಿಗೆ. ಶಾಲಾ ಕ್ರೀಡಾಕೂಟಗಳು ಬರೋದು ಸರಿಯಾಗಿ ಆ ನಡುವೆ. ಸುಣ್ಣದ ಗೆರೆ ಹಾಕಿದ ಅರ್ಧ ಗಂಟೆಗೆ ತೊಳೆದುಹೋಗಿರುತ್ತೆ. ಕೆಸರಿನಲ್ಲಿ ಒಂಟಿಕಾಲಿನ ಮೇಲೆ ಇಳಿಯೋದು ಅಂದ್ರೆ ಏನು ಅಂತ ಓಡಿದ ಮಕ್ಕಳನ್ನ ಕೇಳಿ. ಇಡೀ ವರ್ಷ ಹರ್ಡಲ್ ಕಂಡಿರದ ಮಕ್ಕಳಿಗೆ ಕೂಟದ ಹಿಂದಿನ ವಾರ ಎರಡು ಬೆಂಚು ಅಡ್ಡ ಇಟ್ಟು "ಬಲಗಾಲು ಮುಂದೆ, ಹಾರು" ಅಂತ ಹೇಳಿಕೊಟ್ಟಿರ್ತಾರೆ. ಎಡಗಾಲು ಒಗ್ಗೋ ಹುಡುಗಿಗೂ ಬಲಗಾಲೇ. ಎರಡು ವರ್ಷದ ಹಿಂದೆ ಒಂದು ಕೂಟದಲ್ಲಿ (ಯಾವುದು ಅಂತ ಬೇಡ) ಹರ್ಡಲ್‌ಗಳನ್ನ ತಿರುಗಿಸಿ ಇಟ್ಟಿದ್ದರು. ಹರ್ಡಲಿನ ಪಾದಗಳು ಓಡಿಬರೋರ ಕಡೆಗೆ ಚಾಚಿರಬೇಕು, ಆಗ ಕಾಲು ತಾಗಿದರೆ ಅದು ಮುಂದಕ್ಕೆ ಮಗುಚುತ್ತೆ. ತಿರುಗಿಸಿಟ್ಟರೆ ಅದು ಹರ್ಡಲ್ ಅಲ್ಲ, ಕಬ್ಬಿಣದ ಬೇಲಿ. ಎಂಟನೇ ಕ್ಲಾಸಿನ ಒಂದು ಹುಡುಗಿ ನಾಲ್ಕನೆಯದಕ್ಕೆ ತಾಗಿ ಬಿದ್ದು ತೊಡೆ ಹಿಂಭಾಗ ಹಿಡಿದುಕೊಂಡು ಕೂತಳು. ಐಸ್ ಇರಲಿಲ್ಲ, ಸ್ಪ್ರೇ ಹೊಡೆದರು. ಮಧ್ಯಾಹ್ನ ರಿಲೇಯಲ್ಲಿ ಮತ್ತೆ ಓಡಿಸಿದರು. ಮುಂದಿನ ವರ್ಷ ಅವಳು ಮೈದಾನಕ್ಕೇ ಬರಲಿಲ್ಲ. ಅವಳ ಎಡಗಾಲು ಬಲಗಾಲಿಗಿಂತ ಎಷ್ಟು ಪರ್ಸೆಂಟು ಕಮ್ಮಿ ಇತ್ತು ಅನ್ನೋದು ಇಲ್ಲಿ ಪ್ರಶ್ನೆಯೇ ಅಲ್ಲ.

ನನ್ನ ಕೇಳಿದರೆ ಹದಿನಾಲ್ಕು ಹದಿನೈದರವರೆಗೆ ಮಕ್ಕಳಿಗೆ ಎರಡೂ ಕಾಲಿನಲ್ಲಿ ದಾಟೋಕೆ ಕಲಿಸಬೇಕು. ಅದಕ್ಕೆ ದುಡ್ಡು ಬೇಡ. ಇಟ್ಟಿಗೆ ಮೇಲೆ ಅಡಿಕೆ ದಬ್ಬೆ ಇಟ್ಟರೆ ಮೊಣಕಾಲುದ್ದದ ಹರ್ಡಲ್ ಆಯ್ತು, ತಾಗಿದರೆ ಉರುಳುತ್ತೆ, ಮಂಡಿ ಒಡೆಯಲ್ಲ. ಅಂತರವನ್ನ ನಾಲ್ಕು ಹೆಜ್ಜೆಗೆ ಸರಿಯಾಗಿ ಇಡಿ. ನಾಲ್ಕು ಸಮ ಸಂಖ್ಯೆ, ತನ್ನಷ್ಟಕ್ಕೇ ಒಂದು ಸಲ ಬಲಗಾಲು, ಒಂದು ಸಲ ಎಡಗಾಲು ಮುಂದೆ ಬರುತ್ತೆ. ಹೇಳಿಕೊಡೋದೂ ಬೇಡ. ಆಮೇಲೆ ಯಾವುದು ಒಗ್ಗುತ್ತೋ ಅದನ್ನ ಹಿಡಿದು ಮೂರು ಹೆಜ್ಜೆಗೆ ಬರಲಿ. ಒಪ್ತೀನಿ, ಇದರಿಂದ ನಷ್ಟವೂ ಇದೆ. ಹದಿಮೂರನೇ ವಯಸ್ಸಿಗೆ ಒಂದೇ ಕಾಲು ಹಿಡಿದು ತಿದ್ದಿದ ಮಗು ಆ ವರ್ಷದ ಜಿಲ್ಲಾ ಪದಕ ಗೆಲ್ಲುತ್ತೆ, ಎರಡೂ ಕಲಿತದ್ದು ಸೋಲುತ್ತೆ. ಶಾಲೆಯ ಗೋಡೆಗೆ ಫೋಟೋ ಬೇಕಾದ ಮೇಷ್ಟ್ರಿಗೆ ಇದು ಕಷ್ಟ. ಅವರ ಮೇಲೂ ಒತ್ತಡ ಇರುತ್ತೆ, ಒಬ್ಬರೇ ದೈಹಿಕ ಶಿಕ್ಷಕರು ಕಬಡ್ಡಿಯಿಂದ ಹಿಡಿದು ಯೋಗದವರೆಗೆ ಎಲ್ಲವನ್ನೂ ನೋಡಬೇಕು, ಕೆಲವು ಶಾಲೆಯಲ್ಲಿ ಅವರೂ ಇಲ್ಲ.

ಬಲದ ವಿಷಯಕ್ಕೂ ಜಿಮ್ ಬೇಕಿಲ್ಲ. ಬೆಂಚಿನ ಮೇಲೆ ಕೂತು ಒಂಟಿಕಾಲಿನಲ್ಲಿ ಏಳೋದು, ಕೂರೋದು. ಮೆಟ್ಟಿಲಂಚಿನಲ್ಲಿ ನಿಂತು ಒಂಟಿಕಾಲಿನ ಹಿಮ್ಮಡಿ ಎತ್ತೋದು, ನಿಧಾನಕ್ಕೆ ಇಳಿಸೋದು. ಒಬ್ಬಳು ಹಿಮ್ಮಡಿ ಹಿಡಿದುಕೊಂಡಾಗ ಇನ್ನೊಬ್ಬಳು ಮಂಡಿಯೂರಿ ನಿಧಾನಕ್ಕೆ ಮುಂದಕ್ಕೆ ಬಾಗೋದು, ಹ್ಯಾಮ್‌ಸ್ಟ್ರಿಂಗ್‌ಗೆ ಇದಕ್ಕಿಂತ ಸಾಬೀತಾದ ವ್ಯಾಯಾಮ ಕಮ್ಮಿ. ಪುಟಿಯೋ ಬಲಕ್ಕೆ ಹಗ್ಗದಾಟ, ಕುಂಟೆಬಿಲ್ಲೆ! ನಮ್ಮ ಅಕ್ಕಂದಿರು ಅಂಗಳದಲ್ಲಿ ಆಡ್ತಿದ್ದ ಕುಂಟೆಬಿಲ್ಲೆಯಷ್ಟು ಒಳ್ಳೆಯ ಒಂಟಿಕಾಲಿನ ತರಬೇತಿ ಇನ್ನೊಂದಿಲ್ಲ. ಒಂದು ನಿಯಮ ಸೇರಿಸಿ ಸಾಕು, ಒಂದಾಟ ಬಲಗಾಲಲ್ಲಿ ಆಡಿದರೆ ಮುಂದಿನದ್ದು ಎಡಗಾಲಲ್ಲಿ.

ಮತ್ತೆ ಒಂದು ನೋಟ್‌ಬುಕ್ಕು. ಜೂನ್‌ನಲ್ಲಿ ಶಾಲೆ ಶುರುವಾದಾಗ, ನವೆಂಬರಿನಲ್ಲಿ ಮಳೆ ನಿಂತಮೇಲೆ, ಮಾರ್ಚಿನಲ್ಲಿ ಪರೀಕ್ಷೆಗೆ ಮುಂಚೆ, ವರ್ಷಕ್ಕೆ ಮೂರು ಸಲ. ಒಂಟಿಕಾಲಿನಲ್ಲಿ ಸತತ ಮೂರು ಕುಪ್ಪಳ, ಎಷ್ಟು ದೂರ ಅಂತ ಟೇಪು ಹಿಡಿದು, ಬಲಗಾಲು ಎಷ್ಟು, ಎಡಗಾಲು ಎಷ್ಟು. ಒಂಟಿಕಾಲಿನ ಹಿಮ್ಮಡಿ ಎತ್ತು ಎಷ್ಟು ಸಲ. ಪರ್ಸೆಂಟು ಹಾಕೋದು ಬೇಡ, ಬರೀ ಅಂಕಿ ಸಾಕು. ನಾಳೆ ಒಬ್ಬಳಿಗೆ ಪೆಟ್ಟಾದರೆ ಅವಳು ಮತ್ತೆ ಮೈದಾನಕ್ಕೆ ಇಳಿಯೋ ದಿನ ಯಾವುದು ಅಂತ ಹೇಳೋಕೆ ಆ ಪುಟ ಬೇಕಾಗುತ್ತೆ. ಮಳೆ ಬಿಟ್ಟಮೇಲೆ ನಮ್ಮೂರ ಹೈಸ್ಕೂಲಿನಲ್ಲಿ ಇದನ್ನ ಶುರು ಮಾಡೋಣ ಅಂತ ಮೇಷ್ಟ್ರು ಒಪ್ಪಿದ್ದಾರೆ. ಟೇಪು ನಂದು, ನೋಟ್‌ಬುಕ್ಕು ಅವರದ್ದು. ಅಡಿಕೆ ದಬ್ಬೆ ಯಾರ ತೋಟದ್ದು ಅನ್ನೋದು ಮಾತ್ರ ಇನ್ನೂ ತೀರ್ಮಾನ ಆಗಿಲ್ಲ.